ಜೀರುಂಡೆ ಮನೆಯ ಎವರಿಸ್ತೋ ಸತ್ತಿಲ್ಲವೆಂದು ಕರಡಿಯವರಿಗೆ ಅರಿಕೆ

ಗಾರ್ಸಿಯಾ ಎಂಬ ಕುಲನಾಮದ ಮೂಲಪುರುಷರೂ, ಪಿರಿನೀಸ್ ಪರ್ವತದ ಕಾಯಂ ನಿವಾಸಿಗಳೂ, ಜೇನುಪ್ರಿಯರೂ ಆದ ಕರಡಿ ಮಹಾಶಯರ ಸನ್ನಿಧಾನಕ್ಕೆ, ತೆರುಯೆಲ್ ಪ್ರಾಂತ್ಯದ ವಾಲ್ದೆಪೆರಾಲ್ ಗ್ರಾಮದ ಎವರಿಸ್ತೋ ಗಾರ್ಸಿಯಾ ಗಾರ್ಸಿಯಾ, ವಯಸ್ಸು ಎಪ್ಪತ್ತೆರಡು, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾಡುವ ಬಿನ್ನಹ.

ಮಾನ್ಯರೇ,

ತಾವು ಚಳಿಗಾಲದ ನಿದ್ರೆಗೆ ಜಾರುವ ಮೊದಲೇ ಈ ಪತ್ರ ತಮ್ಮ ಪಂಜ ಸೇರಲಿ ಎಂಬ ಆಸೆಯಿಂದ ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಪ್ಪನ್ನು ಹಾಕಿಕೊಳ್ಳಿ ಎಂದೆ, ನನ್ನನ್ನಲ್ಲ. ತಮ್ಮ ವಿಷಯ ನನಗೆ ತಿಳಿಸಿದವರು ನಮ್ಮೂರಿನ ನಿವೃತ್ತ ಮೇಷ್ಟ್ರು ದೋನ್ ಅಬುಂದಿಯೋ. ಗಾರ್ಸಿಯಾ ಎಂಬುದು ಹಳೆಯ ಬಾಸ್ಕ್ ಭಾಷೆಯ ಕರಡಿ ಎಂಬ ಮಾತಿನಿಂದ ಬಂತೆಂದು ಕೆಲವು ಪಂಡಿತರೂ, ಅಲ್ಲ, ಎಳೆಯ ಎಂಬ ಮಾತಿನಿಂದ ಬಂತೆಂದು ಇನ್ನು ಕೆಲವರೂ, ಇಬ್ಬರಿಗೂ ಗೊತ್ತಿಲ್ಲವೆಂದು ಮಿಕ್ಕವರೂ ಹೇಳುತ್ತಾರಂತೆ. ಎಳೆಯರ ಮೇಲೆ ದೂರು ಕೊಡೋಣವೆಂದರೆ ವಾಲ್ದೆಪೆರಾಲ್‌ನಲ್ಲಿ ಐವತ್ತೆಂಟಕ್ಕಿಂತ ಎಳೆಯರು ಯಾರೂ ಉಳಿದಿಲ್ಲ. ಗೊತ್ತಿಲ್ಲದವರ ಮೇಲೆ ದೂರು ಕೊಟ್ಟು ಪ್ರಯೋಜನವಿಲ್ಲ. ಆದ್ದರಿಂದ ಹೊಣೆ ತಮ್ಮ ಮೇಲೆಯೇ ಬಂದಿದೆ, ದಯವಿಟ್ಟು ಬೇಸರಿಸಬಾರದು.

ಮೊದಲಿಗೆ ತಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ. ತಮ್ಮ ಬಂಧುಬಳಗವೆಲ್ಲ ಸೇರಿದರೂ ಬೆಟ್ಟದಲ್ಲಿ ಎಣಿಸಿ ಮುಗಿಸುವಷ್ಟೇ ಇದ್ದೀರಿ. ತಮ್ಮ ಹೆಸರನ್ನು ಹೊತ್ತವರು ಮಾತ್ರ ಈ ದೇಶದಲ್ಲಿ ಬೇರೆಲ್ಲ ಕುಲನಾಮದವರಿಗಿಂತ ಹೆಚ್ಚು. ಮರಿ ಹಾಕುವ ಶ್ರಮವಿಲ್ಲದೆ ಇಷ್ಟು ದೊಡ್ಡ ಸಂಸಾರ ಮಾಡಿದ ಪ್ರಾಣಿ ಇನ್ನೊಂದಿಲ್ಲ. ನಮ್ಮೂರಿನ ನೂರ ನಲವತ್ತಮೂರು ಜನರಲ್ಲಿ ನೂರ ಮೂವತ್ತೊಂಬತ್ತು ಜನ ಗಾರ್ಸಿಯಾಗಳು, ಉಳಿದ ನಾಲ್ವರಲ್ಲಿ ಒಬ್ಬರು ಪಾದ್ರಿ. ನಮ್ಮಲ್ಲಿ ಒಬ್ಬೊಬ್ಬರಿಗೂ ಎರಡೆರಡು ಕುಲನಾಮ, ಮೊದಲು ಅಪ್ಪನದು, ಆಮೇಲೆ ಅಮ್ಮನದು. ಗೊಂದಲ ಬೇಡವೆಂದು ಹಿರಿಯರು ಮಾಡಿದ ಈ ಏರ್ಪಾಡಿನಿಂದ ನಮ್ಮೂರಿನಲ್ಲಿ ಗೊಂದಲ ಎರಡು ಪಟ್ಟಾಯಿತು.

ಹಾಗಾಗಿ ನಾವು ಒಬ್ಬರನ್ನೊಬ್ಬರು ಗುರುತಿಸುವುದು ಮನೆಯ ಅಡ್ಡಹೆಸರಿನಿಂದ. ನಮ್ಮಜ್ಜ ಗದ್ದಲ ಮಾಡುತ್ತಿದ್ದನೆಂದು ನಮ್ಮದು ಜೀರುಂಡೆ ಮನೆ. ನಾನು ಹುಟ್ಟಿದ ವಾರವೇ ಹುಟ್ಟಿ, ಅದೇ ಸಂತನ ಹೆಸರಿಟ್ಟುಕೊಂಡ ಇನ್ನೊಬ್ಬ ಎವರಿಸ್ತೋ ಗಾರ್ಸಿಯಾ ಗಾರ್ಸಿಯಾ ತಣ್ಣನೆ ಸಾರಿನ ಮನೆಯವನು; ಅವರಜ್ಜಿ ಒಮ್ಮೆ ಬಿಷಪ್ಪರಿಗೆ ಆರಿದ ಸಾರು ಬಡಿಸಿದ್ದಳು. ಊರಿನಲ್ಲಿ ಯಾರು ತೀರಿಕೊಂಡರೂ ಚರ್ಚಿನ ಬಾಗಿಲಿಗೂ ಫೆರ್ಮೀನಾಳ ಬಾರಿನ ಬಾಗಿಲಿಗೂ ಸಾವಿನ ಚೀಟಿ ಅಂಟಿಸುತ್ತಾರೆ, ಹೆಸರಿನ ಕೆಳಗೆ ಅಡ್ಡಹೆಸರು ಇರಲೇಬೇಕು. ಅದಿಲ್ಲದಿದ್ದರೆ ಯಾರಿಗಾಗಿ ಅಳಬೇಕೆಂದು ನಮಗೆ ತಿಳಿಯುವುದಿಲ್ಲ.

ಈ ಅಕ್ಟೋಬರಿನಲ್ಲಿ ನಾನು ಕಣ್ಣಿನ ಪೊರೆ ತೆಗೆಸಲು ಸರಗೋಸಾಕ್ಕೆ ಹೋಗಿ ನಾಲ್ಕು ದಿನ ತಂಗಿಯ ಮನೆಯಲ್ಲಿದ್ದೆ. ಅದೇ ಸರಗೋಸಾದ ವೃದ್ಧಾಶ್ರಮದಲ್ಲಿ ಇಪ್ಪತ್ತು ವರ್ಷದಿಂದ ಇದ್ದ ತಣ್ಣನೆ ಸಾರಿನವನು ಆ ವಾರವೇ ತೀರಿಕೊಂಡ. ಮದುವೆಯಿಲ್ಲ, ಮಕ್ಕಳಿಲ್ಲ, ಊರು ಅವನನ್ನು ಮರೆತೇ ಬಿಟ್ಟಿತ್ತು. ಮುಚ್ಚಿದ ಪೆಟ್ಟಿಗೆ ಊರಿಗೆ ಬಂತು. ಚೀಟಿ ಅಚ್ಚು ಹಾಕಿದ ಪಟ್ಟಣದ ಹೊಸ ಗುಮಾಸ್ತರು, ಸತ್ತವರನ್ನು ತಣ್ಣನೆ ಸಾರು ಎನ್ನುವುದು ಮರ್ಯಾದೆಯಲ್ಲವೆಂದು ಅಡ್ಡಹೆಸರನ್ನು ತೆಗೆದುಬಿಟ್ಟಿದ್ದರು. ಉಳಿದದ್ದು ತಾವು ದಯಪಾಲಿಸಿದ ಹೆಸರು ಮಾತ್ರ, ಅದೂ ಎರಡೆರಡು ಸಲ.

ಮಂಗಳವಾರ ಬೆಳಿಗ್ಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಸ್ಸಿನಿಂದ ಇಳಿದೆ. ಸಾವಿನ ಗಂಟೆ ಮೊಳಗುತ್ತಿತ್ತು. ಚರ್ಚಿನ ಬಾಗಿಲಲ್ಲಿ ನನ್ನ ಹೆಸರನ್ನೂ ನನ್ನ ವಯಸ್ಸನ್ನೂ ಓದಿದೆ. ಗಾಬರಿಯಾಗಲಿಲ್ಲ, ಏಕೆಂದರೆ ಅದು ನಾನಲ್ಲವೆಂದು ನನಗೆ ಖಾತ್ರಿಯಿತ್ತು. ಆ ಖಾತ್ರಿ ಇಡೀ ಊರಿನಲ್ಲಿ ನನ್ನೊಬ್ಬನಿಗೆ ಮಾತ್ರ ಇತ್ತೆಂದು ಆಮೇಲೆ ತಿಳಿಯಿತು. ಪಾಪ ಸಾರಿನವನು ಎಂದುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತು ನನ್ನದೇ ಉತ್ತರಕ್ರಿಯೆಯ ಪ್ರಾರ್ಥನೆಯಲ್ಲಿ ಭಕ್ತಿಯಿಂದ ದನಿಗೂಡಿಸಿದೆ.

ಮುಂದಿನ ಬೆಂಚಿನಲ್ಲಿ ಕಾಸಿಲ್ದಾ ಕುಳಿತಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು, ಅಂದಿನಿಂದ ಪ್ರತಿ ಭಾನುವಾರ ಊಟವಾದ ಮೇಲೆ ಅವಳ ಅಡುಗೆಮನೆಯಲ್ಲಿ ನಾವಿಬ್ಬರೂ ಕಡಲೆಕಾಳು ಪಣವಿಟ್ಟು ಇಸ್ಪೀಟಾಡುತ್ತೇವೆ. ಆಟವನ್ನು ಬಿಟ್ಟು ಇನ್ನೊಂದು ಮಾತನ್ನು ಅವಳಿಗೆ ಹೇಳಬೇಕೆಂದು ಹತ್ತೊಂಬತ್ತು ವರ್ಷವೂ ಬಾಯಿ ತೆರೆದೆ, ಹತ್ತೊಂಬತ್ತು ವರ್ಷವೂ ಎಲೆ ಹಂಚು ಎಂದಷ್ಟೇ ಹೇಳಿದೆ. ಆ ಕಾಸಿಲ್ದಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ಊರೆಲ್ಲ ಕೇಳುವಂತೆ ಅತ್ತಳು: "ಹತ್ತೊಂಬತ್ತು ವರ್ಷ ಬೇಕಂತಾನೇ ಸೋತೆ ಕಣೋ ಜೀರುಂಡೆ, ಗೆದ್ದ ಖುಷೀಲಿ ಮುಂದಿನ ಭಾನುವಾರಾನೂ ಬರ್ತೀಯಲ್ಲ ಅಂತ. ಒಂದ್ಸಲ ಬಾಯಿಬಿಟ್ಟು ಕೇಳೋಕೆ ನಿಂಗೇನಾಗಿತ್ತೋ."

ನಾನು ಎದ್ದು ನಿಂತೆ. "ಇಲ್ಲೇ ಇದ್ದೀನಿ ಕಾಸಿಲ್ದಾ" ಎಂದೆ. ಇಬ್ಬರು ಹೆಂಗಸರು ಕುಸಿದರು. ಪಾದ್ರಿಗಳು ಪುಸ್ತಕದಿಂದ ತಲೆಯೆತ್ತಿ, "ಎವರಿಸ್ತೋ, ನೀನು ಸತ್ತಿದ್ದೀಯೋ ಇಲ್ಲವೋ ಬೇಗ ಹೇಳಪ್ಪ, ಪ್ರಾರ್ಥನೆ ಅರ್ಧಕ್ಕೆ ನಿಂತಿದೆ" ಎಂದರು. ಕಾಸಿಲ್ದಾ ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗಿನಂತೆ ಹೊದ್ದ ಕಪ್ಪು ಶಾಲಿನಿಂದ ಮೂಗು ಒರೆಸಿಕೊಂಡು, ನೆಟ್ಟಗೆ ಮನೆಗೆ ಹೋಗಿ ಅಗುಳಿ ಹಾಕಿಕೊಂಡಳು. ಊರಿನವರೂ ಒಬ್ಬೊಬ್ಬರಾಗಿ ಎದ್ದು ಹೋದರು, ತಂದಿದ್ದ ಕಣ್ಣೀರೆಲ್ಲ ನನ್ನ ಲೆಕ್ಕಕ್ಕೆ ಖರ್ಚಾಗಿತ್ತು. ಸಾರಿನವನನ್ನು ಮಣ್ಣು ಮಾಡಲು ಉಳಿದವರು ಪಾದ್ರಿ, ಮೇಷ್ಟ್ರು, ಗುಂಡಿ ತೋಡುವವನು ಮತ್ತು ನಾನು. ಅಳಬಾರದೆಂದು ಕಣ್ಣಿನ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರಿಂದ, ಪಟ್ಟಿಯಿಲ್ಲದ ಕಣ್ಣೊಂದರಲ್ಲೇ ಅವನಿಗಾಗಿ ಅತ್ತೆ.

ಅಂದಿನಿಂದ ಎರಡು ಭಾನುವಾರ ಕಳೆದವು, ಅವಳು ಬಾಗಿಲು ತೆರೆದಿಲ್ಲ. ತಟ್ಟಿದರೆ ಒಳಗಿನಿಂದ, "ಯಾರು, ಎವರಿಸ್ತೋನಾ? ಅವನನ್ನ ಮಂಗಳವಾರವೇ ಕಳಿಸಿಕೊಟ್ಟಾಯ್ತು. ಸತ್ತೋರ ಜೊತೆ ನಾನು ಆಡಲ್ಲ" ಎನ್ನುತ್ತಾಳೆ. ಬಾರಿನಲ್ಲಿ ಫೆರ್ಮೀನಾ, "ಮಾವ, ನೀವಿದ್ದಾಗ ನಿಮ್ಮ ಬಗ್ಗೆ ಇಷ್ಟು ಒಳ್ಳೆ ಮಾತು ಕೇಳಿರ್ಲಿಲ್ಲ, ಇನ್ನೆರಡು ದಿನ ತಡೆದು ಬರಬಾರದಿತ್ತಾ" ಎನ್ನುತ್ತಾಳೆ. ಹತ್ತೊಂಬತ್ತು ವರ್ಷ ಅದೇ ಬಾರಿನಲ್ಲಿ ಇಸ್ಪೀಟಿನ ಹುಲಿ ನಾನೆಂದು ಮೀಸೆ ತಿರುವಿದ್ದೆ. ಈಗ ನಾನು ಒಳಗೆ ಕಾಲಿಟ್ಟರೆ ಎಲೆ ಹಿಡಿದವರೆಲ್ಲ, "ಅಯ್ಯೋ ಸೋತೆ, ಅಯ್ಯೋ ಸೋತೆ" ಎಂದು ರಾಗ ಎಳೆಯುತ್ತಾರೆ. ಅದನ್ನೆಲ್ಲ ನುಂಗಿಕೊಂಡೇನು, ಆದರೆ ಭಾನುವಾರದ ಮಧ್ಯಾಹ್ನ ನುಂಗಲಾಗುತ್ತಿಲ್ಲ.

ಆದಕಾರಣ ತಮ್ಮಲ್ಲಿ ಬೇಡುವುದೇನೆಂದರೆ, ತಾವು ಕೂಡಲೇ ತಮ್ಮ ಹೆಸರನ್ನು ನಮ್ಮೂರಿನ ಅರ್ಧ ಜನರಿಂದಾದರೂ ವಾಪಸು ಪಡೆದು, ನರಿಗೋ ಮುಳ್ಳುಹಂದಿಗೋ ಆ ಜವಾಬ್ದಾರಿಯನ್ನು ವಹಿಸಿಕೊಡಬೇಕು. ಅದಾಗದಿದ್ದರೆ ಖುದ್ದಾಗಿ ವಾಲ್ದೆಪೆರಾಲ್‌ಗೆ ದಯಮಾಡಿಸಿ, ಕಾಸಿಲ್ದಾಳ ಬಾಗಿಲ ಮುಂದೆ ಎರಡು ಕಾಲಿನ ಮೇಲೆ ನಿಂತು, ಇವನು ಜೀರುಂಡೆ ಮನೆಯವನೇ, ಬದುಕಿಯೇ ಇದ್ದಾನೆ, ಕೇಳಬೇಕಾದದ್ದನ್ನು ಈ ಸಲ ಬಾಯಿಬಿಟ್ಟು ಕೇಳುತ್ತಾನೆ ಎಂದು ಸಾಕ್ಷಿ ನುಡಿಯಬೇಕು. ಅವಳಿಗೆ ಹೆದರಿಕೊಳ್ಳುವ ಅಗತ್ಯವಿಲ್ಲವೆಂದು ಬರೆಯಲು ಮನಸ್ಸು ಬರುತ್ತಿಲ್ಲ, ಸ್ವಲ್ಪ ಹೆದರಿಕೊಂಡೇ ಬನ್ನಿ.

ತಮ್ಮ ಕೃಪೆಯಿಂದ ಒಮ್ಮೆ ಸತ್ತು, ತಮ್ಮ ಸಹಾಯವಿಲ್ಲದೆ ಬದುಕಿಕೊಂಡ,
ತಮ್ಮ ವಿಶ್ವಾಸಿ,
ಎವರಿಸ್ತೋ ಗಾರ್ಸಿಯಾ ಗಾರ್ಸಿಯಾ (ಜೀರುಂಡೆ)

ಮರೆತ ಮಾತು: ತಾವು ಬರಲಿಲ್ಲ. ನಿದ್ರೆ ಹತ್ತಿರಬೇಕು, ದೊಡ್ಡವರ ಕಷ್ಟ ದೊಡ್ಡದು. ಪತ್ರವನ್ನು ನಾನಿನ್ನೂ ಅಂಚೆಗೆ ಹಾಕಿಲ್ಲವೆಂಬುದು ಬೇರೆ ಮಾತು. ಸತ್ತವರ ಸಮಾಧಿಗೆ ಹೂವಿಡುವ ಸಕಲ ಸಂತರ ಹಬ್ಬದ ದಿನ ಸೇವಂತಿಗೆ ಹಿಡಿದು ಸ್ಮಶಾನಕ್ಕೆ ಹೋಗಿದ್ದೆ, ಸಾರಿನವನ ಶಿಲುಬೆಯ ಮೇಲೆ ನನ್ನ ಕೈಯಾರೆ 'ತಣ್ಣನೆ ಸಾರು' ಎಂದು ಡಾಂಬರಿನಲ್ಲಿ ಬರೆಯಲು. ಅಲ್ಲಿ ಕಾಸಿಲ್ದಾ ಆಗಲೇ ಹೂವಿಟ್ಟು ನಿಂತಿದ್ದಳು. "ನಾನು ಅತ್ತಿದ್ದು ಇವನಿಗೇ ಇರಲಿ, ಇವನಿಗೆ ಬೇರೆ ಯಾರೂ ಅಳಲಿಲ್ಲ" ಎಂದಳು. ನಾನು ಬರೆದು ಮುಗಿಸಿ ಬಾಯಿ ತೆರೆದೆ, ಎಲೆ ಹಂಚು ಎನ್ನದೆ ಕೇಳಿಯೇ ಬಿಟ್ಟೆ. ಅವಳು ನನ್ನ ಡಾಂಬರು ಮೆತ್ತಿದ ಕೈಯನ್ನು ನೋಡಿ, "ಭಾನುವಾರ ಬಾ, ಯೋಚ್ನೆ ಮಾಡ್ತೀನಿ. ಆದ್ರೆ ಇನ್ಮೇಲೆ ಸೋಲಲ್ಲ" ಎಂದಳು. ನಿನ್ನೆ ಹನ್ನೊಂದು ಆಟ ಆಡಿದೆವು, ಹನ್ನೊಂದನ್ನೂ ಸೋತೆ, ಮನೆಯ ಕಡಲೆಕಾಳೆಲ್ಲ ಅವಳ ಡಬ್ಬಿ ಸೇರಿತು. ಇನ್ನೂ ಯೋಚಿಸುತ್ತಿದ್ದಾಳಂತೆ. ಆದ್ದರಿಂದ ತಮ್ಮ ಮೇಲಿನ ದೂರನ್ನು ಹಿಂತೆಗೆದುಕೊಳ್ಳುತ್ತಿಲ್ಲ, ಆದರೆ ಉತ್ತರಕ್ಕೆ ಅವಸರವೇನೂ ಇಲ್ಲ. ಮುಂದಿನ ಭಾನುವಾರವೂ ನಾನು ಸೋಲಲು ಹೋಗಬೇಕಾಗಿದೆ.