ಎಲ್ಲ ನಾರ್ಮಲ್ ಆದರೆ ನೋವು ಎಲ್ಲಿ ಉಂಟು?

ಕೊಟ್ಟಾರದಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಮಾತ್ರೆ ಕೊಡುವವರನ್ನು ಜನ ನಂಬುತ್ತಾರೆ, ವ್ಯಾಯಾಮ ಹೇಳುವವರನ್ನು ಕಳ್ಳರ ಹಾಗೆ ನೋಡುತ್ತಾರೆ. ಕಾಯಿಲೆ ಫೈಬ್ರೊಮಯಾಲ್ಜಿಯ ಆದರಂತೂ ಮುಗಿಯಿತು. ಮೈಯೆಲ್ಲ ನೋವು, ಸುಸ್ತು, ನಿದ್ದೆಯಿಲ್ಲ; ರಿಪೋರ್ಟು ಮಾತ್ರ ನಾರ್ಮಲ್. ಒಂದೇ ಮನೆಯವರಿಂದ ನನಗೆ ಸಿಕ್ಕಿದ ಅನುಮಾನಗಳನ್ನು ಕೇಳಿ.

ಪೆನ್ನು

ದೇರೆಬೈಲಿನ ಸೊಸೆಯೊಬ್ಬಳು ಅತ್ತೆಯ ಜೊತೆ ಬಂದಳು. ಮಾತೆಲ್ಲ ಅತ್ತೆಯದೇ.

"ಎಕ್ಸ್‌ರೇಯಲ್ಲಿ ಎಂತದೂ ಇಲ್ಲ, ರಕ್ತದಲ್ಲಿ ಎಂತದೂ ಇಲ್ಲ. ಹಾಗಾದ್ರೆ ನೋವು ಎಲ್ಲಿ ಉಂಟು ಮಾರಾಯ್ರೆ?"

ಸೊಸೆ ತಲೆ ತಗ್ಗಿಸಿದಳು. ಪಾಪ, ಅವಳಿಗೆ ಔಷಧಿಗಿಂತ ಮೊದಲು ಬೇಕಾದದ್ದು ಮನೆಯಲ್ಲಿ ಒಬ್ಬರಾದರೂ ನಂಬುವುದು. ದಿನಾ ಸಂಜೆ ಸ್ವಲ್ಪ ನಡೆಯಲಿ, ನಿಧಾನವಾಗಿ ಹೆಚ್ಚಿಸೋಣ ಎಂದೆ.

"ಅಂಗಳ ಗುಡಿಸ್ಲಿಕ್ಕೆ ನೋವು, ರಸ್ತೆಗೆ ಹೋಗ್ಲಿಕ್ಕೆ ನೋವಿಲ್ವಾ? ವ್ಯಾಯಾಮವೇ ಬೇಕಾದ್ರೆ ಗುಡಿಸುವುದು, ಒರೆಸುವುದು ಅಂತ ಬರೀರಿ."

ತಮಾಷೆ ಅಂದುಕೊಂಡೆ. ಅವರು ಪೆನ್ನು ಎತ್ತಿ ನನ್ನ ಕೈಗೇ ಕೊಟ್ಟರು.

ಫೋಟೋ

ಮರುದಿನ ದುಬೈಯಿಂದ ಅವಳ ಗಂಡನ ಫೋನು. "ನೋವಿದ್ದವರಿಗೆ ನಡೀರಿ ಅಂತ ಹೇಳಿದ್ರಂತೆ. ನೀವು ಕಲಿತವರೇ ಅಲ್ವಾ?"

ಸಿಟ್ಟು ಬಂತು. ಸರ್ಟಿಫಿಕೇಟಿನ ಜೊತೆ ಇಪ್ಪತ್ತು ವರ್ಷ ಹಿಂದೆ ಪದವಿ ದಿನ ಸೀರೆ ಉಟ್ಟು ತೆಗೆಸಿಕೊಂಡ ನನ್ನ ಫೋಟೋವನ್ನೂ ವಾಟ್ಸಾಪ್‌ಗೆ ಕಳಿಸಿದೆ.

ಉತ್ತರ ಬಂತು: "ಸರ್ಟಿಫಿಕೇಟ್ ಸರಿ ಉಂಟು. ನಿಮ್ಮ ಡಿಪಿಯೂ ನೋಡಿದೆ. ಫೋಟೋದಲ್ಲಿರುವ ಹುಡುಗಿ ಯಾರು?"

ಪರೀಕ್ಷೆ

ಮುಂದಿನ ವಾರ ಸೊಸೆ ಕುಂಟುತ್ತಾ ಬಂದಳು.

"ಒಂದು ದಿನ ಮೈ ಹಗುರ ಇತ್ತು ಡಾಕ್ಟ್ರೇ. ನಿಮ್ಮ ವ್ಯಾಯಾಮ ನಿಜವಾ ಸುಳ್ಳಾ ನೋಡುವ ಅಂತ ಕೂಳೂರು ಸಂಕದವರೆಗೆ ನಡೆದೆ."

"ಸೇತುವೆಯವರೆಗೆ? ಅಷ್ಟು ದೂರವಾ? ಆಮೇಲೆ?"

"ರಿಕ್ಷಾದಲ್ಲಿ ವಾಪಸ್ ಬಂದು ಎರಡು ದಿನ ಮಲಗಿದೆ. ಪರೀಕ್ಷೆಯಲ್ಲಿ ನೀವು ಫೇಲ್."

ಪತ್ತೇದಾರಿಕೆ

ಅವಳ ನಡಿಗೆಯನ್ನು ಮತ್ತೆ ಮನೆಯ ಮುಂದಿನ ರಸ್ತೆಯಿಂದಲೇ ಶುರು ಮಾಡಿಸಿದೆ. ಒಂದು ತಿಂಗಳು ಕಳೆದಿರಬೇಕು, ಅತ್ತೆ ಸೊಸೆ ಇಬ್ಬರೂ ಬಂದರು. ಅತ್ತೆ ಬಾಗಿಲು ಹಾಕಿ ಮೆಲ್ಲಗೆ ಹೇಳಿದರು:

"ಇವಳು ವಾಕಿಂಗ್ ಅಂತ ಎಲ್ಲಿಗೆ ಹೋಗ್ತಾಳೆ ನೋಡುವ ಅಂತ ದಿನಾ ಹಿಂದೆಯೇ ಹೋದೆ."

ಸೊಸೆ ಬೆಚ್ಚಿಬಿದ್ದಳು. "ಮಾಮಿ, ನೀವಾ?"

"ಮೊನ್ನೆ ರಸ್ತೆಯಲ್ಲಿ ಯಾರೂ ಇರ್ಲಿಲ್ಲ. ಇವಳು ಕಂಪೌಂಡ್ ಗೋಡೆ ಹಿಡಿದು ನಿಂತು ಕೂಗಿದಳು. ಕಣ್ಣೀರು ಒರೆಸಿ ಪುನಃ ನಡೆದಳು. ಯಾರೂ ಇಲ್ಲದಾಗ ನಾಟಕ ಯಾರು ಮಾಡ್ತಾರೆ ಮಾರಾಯ್ರೆ? ನೋವು ಇರುವುದು ನಿಜ."

ಸೊಸೆಯ ಕಣ್ಣು ತುಂಬಿತು. ಆದರೂ ಈ ಹೆಂಗಸು ಇಷ್ಟು ಹೇಳಲಿಕ್ಕೇ ಬಂದಿರಲಿಕ್ಕಿಲ್ಲ ಎಂದು ನನಗೆ ಅನುಮಾನ.

ಅತ್ತೆ ಸೊಂಟ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. "ಇವಳಿಗೆ ಕಾಣದ ಹಾಗೆ ಕಂಡವರ ಗೇಟಿನ ಹಿಂದೆ ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು. ಎಕ್ಸ್‌ರೇ ತೆಗೆಸಿದೆ, ನಾರ್ಮಲ್ ಅಂತೆ. ನನಗೂ ಎಂತಾದ್ರೂ ವ್ಯಾಯಾಮ ಹೇಳಿ."

ಸೊಸೆ ಕಣ್ಣು ಒರೆಸಿಕೊಂಡು, ಮೇಜಿನ ಮೇಲಿದ್ದ ಪೆನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

"ಬರೀರಿ ಡಾಕ್ಟ್ರೇ. ಗುಡಿಸುವುದು, ಒರೆಸುವುದು."