ಮುನ್ನೂರು ಯೂರೋದ ಹಲ್ಲುಸೆಟ್ಟು

ಬ್ಯಾಂಕುಗಳನ್ನು ಮುಚ್ಚುತ್ತಾರೆ ಅಂತ ಟೀವಿಯವಳು ಹೇಳಿದ ಗಳಿಗೆಗೆ ಸರಿಯಾಗಿ ಪ್ರೊಕೋಪಿಸ್ ಬಾರ್ಲಿ ರಸ್ಕು ಕಡಿಯುತ್ತಿದ್ದ. ಸಿಟ್ಟಿಗೆ ದವಡೆ ಬಿಗಿಯಿತು. ರಸ್ಕು ಹಾಗೇ ಉಳಿಯಿತು, ಕೆಳಗಿನ ಹಲ್ಲುಸೆಟ್ಟು ಎರಡು ಹೋಳಾಯಿತು. ದೇಶಕ್ಕೇನಾಯಿತೋ ಆಮೇಲೆ ನೋಡೋಣ, ಅವನಿಗಂತೂ ಅವತ್ತಿನಿಂದ ಬೇಳೆಯ ಗಂಜಿಯೇ ಗತಿಯಾಯಿತು.

ಹಲ್ಲಿನ ಡಾಕ್ಟರು ವೆರ್ಗಿಸ್ ಒಂದೇ ಮಾತಿನ ಮನುಷ್ಯ. "ಮುನ್ನೂರು ಯೂರೋ. ನೋಟು ತನ್ನಿ, ಹಲ್ಲು ತಗೊಂಡು ಹೋಗಿ. ಕಾರ್ಡು ಗೀರ್ಡು ಬೇಡ. ಇವತ್ತು ಕಾರ್ಡಲ್ಲಿ ಯೂರೋ ಕೊಡ್ತೀರಿ, ಬ್ಯಾಂಕು ಬಾಗಿಲು ತೆಗೆಯೋ ಹೊತ್ತಿಗೆ ಅದು ಮತ್ತೆ ನಮ್ಮ ಹಳೇ ದ್ರಾಖ್ಮಾ ಆಗಿದ್ರೆ ನಾನೇನು ಮಾಡ್ಲಿ? ಬುಧವಾರ ಸಂಜೆ ಆರರೊಳಗೆ ಬನ್ನಿ. ಆಮೇಲೆ ನಾನು ಹಡಗು ಹತ್ತಿ ನಮ್ಮ ದ್ವೀಪಕ್ಕೆ ಹೋದ್ರೆ ಬರೋದು ಸೆಪ್ಟೆಂಬರಿಗೇ."

ಕಾರ್ಡಿಗೆ ದಿನಕ್ಕೆ ಅರವತ್ತು ಯೂರೋ ಅಂತ ಸರಕಾರದ ಅಪ್ಪಣೆ. ಆದರೆ ಎಟಿಎಂ ಮೆಶೀನಿನಲ್ಲಿ ಇಪ್ಪತ್ತರ ನೋಟು ಖಾಲಿಯಾಗಿ ಬರುತ್ತಿದ್ದದ್ದು ಐವತ್ತು ಮಾತ್ರ. ಹೆಂಡತಿ ಫೊತಿನಿಯ ಕಾರ್ಡಿನಲ್ಲಿ ಊಟ, ತನ್ನ ಕಾರ್ಡಿನಲ್ಲಿ ಹಲ್ಲು ಅಂತ ಪ್ರೊಕೋಪಿಸ್ ಭಾಗ ಮಾಡಿಕೊಂಡ. ಮೆಶೀನು ಪೂರ್ತಿ ಖಾಲಿಯಿದ್ದ ದಿನಗಳನ್ನು ಕಳೆದು ಮಂಗಳವಾರಕ್ಕೆ ಐದು ನೋಟು ಕೂಡಿತ್ತು. ಬುಧವಾರ ಆರನೆಯದು ಸಿಕ್ಕರೆ ಕೆಲಸ ಮುಗಿಯಿತು.

ಆದರೆ ಆ ಬುಧವಾರವೇ ಸಂತ ಪ್ರೊಕೋಪಿಯೋಸನ ದಿನವಾಗಬೇಕೆ? ಹೆಸರಿನ ಸಂತನ ಹಬ್ಬದ ದಿನ ಮನೆಯ ಬಾಗಿಲು ತೆರೆದಿರಬೇಕು. ಯಾರನ್ನೂ ಕರೆಯಬೇಕಾಗಿಲ್ಲ, ಎಲ್ಲರೂ ಬರುತ್ತಾರೆ. ಸಿಹಿ, ಪಾನೀಯ, ಊಟ ಎಲ್ಲ ಹೆಸರಿಟ್ಟುಕೊಂಡವನ ಖರ್ಚು. ಮೂವತ್ತು ವರ್ಷ ಟ್ರಾಲಿ ಬಸ್ಸು ಓಡಿಸಿದವನನ್ನು ಗುರುತಿಸದವರು ಆ ಬಡಾವಣೆಯಲ್ಲಿ ಯಾರಿದ್ದಾರೆ? ಆ ಸೈನ್ಯಕ್ಕೆ ಉಣಬಡಿಸಿದರೆ ಹಲ್ಲಿನ ಆಸೆ ಬಿಟ್ಟಂತೆಯೇ.

ಅದಕ್ಕೇ ಅವನು ಬೆಳಗ್ಗೆ ಆರಕ್ಕೇ ಎದ್ದು, ಐದು ನೋಟನ್ನು ಕಾಲುಚೀಲದೊಳಗೆ ಸೇರಿಸಿ, ಗುರುತಿನವರು ಸಿಗದ ಜಾಗ ಬೇಕೆಂದು ಮೂರು ಬಡಾವಣೆ ದಾಟಿ ನಡೆದ. ಅಲ್ಲಿನ ಮೆಶೀನಿನ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಮೊದಲಿಗೇ ಕೂತಿದ್ದವಳು ಅವನ ಮೇಲಿನ ಮನೆಯ ಮೆರೋಪಿ. ಅವಳ ಹಿಂದೆ ಕಾಫಿ ಅಂಗಡಿಯ ಸ್ತಮಾತಿಸ್. ಅವನ ಹಿಂದೆ ಅರ್ಧ ಬೀದಿ.

"ನಮ್ಮ ಮೆಶೀನು ನಿನ್ನೆಯಿಂದ ಖಾಲಿ ಕಣಪ್ಪ," ಅಂದಳು ಮೆರೋಪಿ. "ನಮ್ಮ ನೋಟೂ ಬರ್ಲಿನ್‌ನವರ ನೋಟೂ ಒಂದೇ ಅಂದ್ರಲ್ಲ, ಹಾಗಾದ್ರೆ ಅವರ ಮೆಶೀನಿನ ಮುಂದೆ ಯಾಕೆ ಕುರ್ಚಿ ಇಲ್ಲ? ಅದಿರಲಿ, ನೂರು ವರ್ಷ ಬಾಳು. ಇವತ್ತು ನಿನ್ನ ಹಬ್ಬ ಅಲ್ವಾ?"

ಕ್ಯೂ ಪೂರ್ತಿ ಅವನತ್ತ ತಿರುಗಿ ಹರಸಿತು. ಗುರುತೇ ಇಲ್ಲದ ಒಬ್ಬ ಮುದುಕ, ಮನೆ ಯಾವ ಬೀದಿ ಅಂತ ವಿಚಾರಿಸಿಕೊಂಡ.

"ಇವತ್ತು ನನ್ನ ಅಂಗಡೀಲಿ ಎಲ್ಲರ ಕಾಫೀನೂ ನಿನ್ನ ಲೆಕ್ಕ ತಾನೆ?" ಅಂದ ಸ್ತಮಾತಿಸ್. "ನೋಟಲ್ಲೇ ಕೊಡು ಮಾರಾಯ."

ಪ್ರೊಕೋಪಿಸ್‌ಗೆ ಮೈಯೆಲ್ಲ ಉರಿಯಿತು. ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದು, "ಈ ವರ್ಷ ಹಬ್ಬ ಇಲ್ಲಮ್ಮ. ಸೂತಕ," ಅಂದುಬಿಟ್ಟ. ಸಾವಾದ ಮನೆಯವರು ಹಬ್ಬ ಮಾಡುವುದಿಲ್ಲ. ಅದಕ್ಕಿಂತ ಭದ್ರವಾದ ಬೀಗ ಅವನಿಗೆ ಹೊಳೆಯಲಿಲ್ಲ.

"ಅಯ್ಯೋ, ಯಾರಪ್ಪ?"

"ಫೊತಿನಿಯ ಚಿಕ್ಕಮ್ಮ. ಕಲಮಾತದವರು. ಕಲ್ಯೋಪಿ ಅಂತ. ನಿನ್ನೆ ಹೋಗಿಬಿಟ್ರು."

ಬಾಯಿಗೆ ಹಿಡಿದ ಕೈ, ತೊದಲುವ ಮಾತು, ಒಂಬತ್ತು ದಿನದ ಗಂಜಿಗೆ ಬತ್ತಿದ ಕೆನ್ನೆ, ಎಲ್ಲ ಸಾಕ್ಷಿ ನುಡಿದವು. ಮೆರೋಪಿ ಎದೆಯ ಮೇಲೆ ಶಿಲುಬೆ ಬರೆದುಕೊಂಡು ತನ್ನ ಸರದಿಯನ್ನೇ ಅವನಿಗೆ ಬಿಟ್ಟುಕೊಟ್ಟಳು. ಆರನೆಯ ನೋಟು ಬಂತು. ತಾನು ಇಷ್ಟು ಬುದ್ಧಿವಂತ ಅಂತ ಪ್ರೊಕೋಪಿಸ್‌ಗೆ ಅರವತ್ತೇಳು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಕ್ಲಿನಿಕ್ಕಿನ ಬಾಗಿಲು ತೆರೆಯುವುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಕೂತಿರೋಣ ಅಂತ ಹೊರಟ.

ಮನೆಯ ಬಾಗಿಲು ಹಾರು ಹೊಡೆದಿತ್ತು. ಮೆರೋಪಿ ಬಸ್ಸು ಹತ್ತಿ ಅವನಿಗಿಂತ ಮೊದಲೇ ಬಂದಿದ್ದಳು. ಒಳಗೆ ಕರಿ ಬಟ್ಟೆಯ ಎಂಟು ಹೆಂಗಸರ ನಡುವೆ ಫೊತಿನಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಗಂಡನನ್ನು ಕಂಡದ್ದೇ ಎದ್ದು, ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಚಿಕ್ಕಮ್ಮ ಸತ್ತು ಹೋದ್ರು ಅಂತ ಇವರೆಲ್ಲ ನನ್ನ ತಬ್ಕೊಂಡು ಅತ್ರು ಕಣ್ರೀ. ನಾನೂ ಅತ್ತೆ. ಎದೆ ಬಡ್ಕೊಂಡು ಕಲಮಾತಕ್ಕೆ ಫೋನ್ ಮಾಡಿದ್ರೆ, ಎತ್ತಿದ್ದು ಯಾರು ಗೊತ್ತಾ? ಸತ್ತೋರೇ."

"ಏನಂದ್ರು?"

"ನಿಮಗೆ ಹಬ್ಬದ ಶುಭಾಶಯ ಹೇಳು ಅಂದ್ರು."

"ಇವರಿಗೆಲ್ಲ ಹೇಳಿಬಿಟ್ಟೆಯಾ?"

"ಹೇಗೆ ಹೇಳ್ಲಿ? ಮೆರೋಪಿ ಅಷ್ಟು ಹೊತ್ತಿಗೆ ಪಾದ್ರಿಗಳ್ನ ಕರೆಯೋಕೆ ಕಳಿಸಿ ಆಗಿತ್ತು. ನಿಮ್ಮ ಒಂದು ಸೆಟ್ಟು ಹಲ್ಲಿಗೆ ನನ್ನ ಮಾನ ಹೋಗ್ಬೇಕಾ? ನಡೀರಿ, ಹೋಗಿ ಅಳಿ."

ಹನ್ನೊಂದು ಹೊಡೆಯುವಷ್ಟರಲ್ಲಿ ಬೀದಿಯ ಗಂಡಸರೂ ಬಂದು ಸೇರಿದ್ದರು. ಪ್ರೊಕೋಪಿಸ್ ಎದ್ದ. "ಎಲ್ಲಿಗೆ?" ಅಂದರು ನಾಲ್ಕು ಜನ. ಮೇಣದಬತ್ತಿ ತರುತ್ತೇನೆ ಅಂದರೆ ಸ್ತಮಾತಿಸ್ ತಾನೇ ಓಡಿದ. ಹೂವು ಅಂದರೆ ಇನ್ನೊಬ್ಬ ಹೋದ. ತಲೆನೋವು ಅಂದರೆ ಮೆರೋಪಿ ಮಾತ್ರೆ ತೆಗೆದಳು, ಅವಳ ಚೀಲವೇ ಒಂದು ಔಷಧದ ಅಂಗಡಿ. ಮಧ್ಯಾಹ್ನದ ಹೊತ್ತಿಗೆ ಗಂಡಸರು ಕಲ್ಯೋಪಿಯನ್ನು ಮರೆತೇಬಿಟ್ಟಿದ್ದರು.

"ಮೊನ್ನೆ ಭಾನುವಾರ ಸಾಲ ಕೊಟ್ಟೋರ ಷರತ್ತು ಬೇಡ ಅಂತ ವೋಟು ಹಾಕಿದ್ದು ಯಾಕೆ? ಬ್ರಸೆಲ್ಸ್‌ನವರು ಹೆದರಲಿ ಅಂತ."

"ಹೆದರಿದ್ರು ನೋಡು. ಅವರು ಊಟ ಮಾಡ್ತಿದ್ದಾರೆ, ನಾವು ಕ್ಯೂ ನಿಂತಿದ್ದೀವಿ."

"ದ್ರಾಖ್ಮಾ ವಾಪಸ್ ಬಂದ್ರೆ ಎಲ್ಲಾ ಸರಿಹೋಗುತ್ತೆ."

"ಬಂದ್ರೆ ಚೀಲದಲ್ಲಿ ನೋಟು ತಗೊಂಡ್ಹೋಗಿ ಜೇಬಲ್ಲಿ ಟೊಮೇಟೊ ತರ್ತೀಯ."

ನಾಲ್ಕಾಯಿತು, ಐದಾಯಿತು. ಪಾದ್ರಿ ಬಂದು, ಜೀವಂತ ಕಲ್ಯೋಪಿಯ ಆತ್ಮಕ್ಕೆ ಶಾಂತಿ ಕೋರಿ ಉದ್ದನೆಯ ಪ್ರಾರ್ಥನೆ ಮಾಡಿದರು. ಕೈಯಲ್ಲಿ ಮೇಣದಬತ್ತಿ ಹಿಡಿದು ನಿಂತ ಪ್ರೊಕೋಪಿಸ್‌ನ ಕಣ್ಣು ಗಡಿಯಾರ ಬಿಟ್ಟು ಅಲುಗಲಿಲ್ಲ. ಆರಕ್ಕೆ ಹತ್ತು ನಿಮಿಷ ಇರುವಾಗ ಆಮೆನ್ ಕೇಳಿಸಿತು. ಮೇಣದಬತ್ತಿಯನ್ನು ಪಾದ್ರಿಯ ಕೈಗೇ ತುರುಕಿ ಓಡಿದ. "ಪಾಪ, ದುಃಖ ತಡೆಯೋಕಾಗ್ತಿಲ್ಲ, ಬಿಡಿ," ಅಂತ ಮೆರೋಪಿ ಹೇಳಿದ್ದು ಮೆಟ್ಟಿಲಿನವರೆಗೂ ಕೇಳಿಸಿತು.

ಕ್ಲಿನಿಕ್ಕಿನ ಷಟರು ಎಳೆದಿತ್ತು. ಅದಕ್ಕೊಂದು ಚೀಟಿ ಅಂಟಿಸಿತ್ತು.

"ಪ್ರಿಯ ಪ್ರೊಕೋಪಿಸ್ ಅವರೇ, ವಿಷಯ ಮೆರೋಪಿ ಫೋನಿನಲ್ಲಿ ತಿಳಿಸಿದರು. ತುಂಬಾ ದುಃಖವಾಯಿತು. ಇವತ್ತು ನಿಮ್ಮ ಹಬ್ಬವೆಂದು ಹಲ್ಲುಸೆಟ್ಟನ್ನು ನಾನೇ ಮನೆಗೆ ತಂದುಕೊಡುವವನಿದ್ದೆ, ಹಣ ಬ್ಯಾಂಕು ತೆರೆದ ಮೇಲೆ ಕೊಟ್ಟರಾಯಿತು ಎಂದುಕೊಂಡಿದ್ದೆ. ಆದರೆ ಸಾವಿನ ಮನೆಗೆ ಹಲ್ಲು ಹಿಡಿದುಕೊಂಡು ಬರುವುದು ಮರ್ಯಾದೆಯಲ್ಲ. ನೀವೂ ಕಲಮಾತಕ್ಕೆ ಹೊರಟಿರುತ್ತೀರಿ. ಹಾಗಾಗಿ ಮೂರರ ಹಡಗಿಗೇ ಹೋಗುತ್ತಿದ್ದೇನೆ. ಸೆಟ್ಟು ಬೀರುವಿನಲ್ಲಿ ಭದ್ರವಾಗಿದೆ. ಸೆಪ್ಟೆಂಬರಿನಲ್ಲಿ ಕಾಣೋಣ."

ಪ್ರೊಕೋಪಿಸ್ ಷಟರಿಗೊಂದು ಒದ್ದ. ನೋಟಿದ್ದ ಕಾಲಿಗೇ ಪೆಟ್ಟಾಯಿತು.

ಕುಂಟುತ್ತ ಮನೆಗೆ ಬಂದರೆ ಮೇಜಿನ ತುಂಬ ತಟ್ಟೆಗಳು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಬೀದಿಯವರೆಲ್ಲ ತಂತಮ್ಮ ಐವತ್ತು ಯೂರೋ ನೋಟು ಮುರಿಸಿ ತಂದಿದ್ದರು. ಕೆಂಡದಲ್ಲಿ ಸುಟ್ಟ ಆಕ್ಟೋಪಸ್, ಹುರಿದ ಬಾದಾಮಿ, ಬುಟ್ಟಿ ತುಂಬ ಬಾರ್ಲಿ ರಸ್ಕು. ಅಷ್ಟು ಪ್ರೀತಿ ಕಂಡು ಅವನಿಗೆ ನಾಚಿಕೆಯೂ ಆಯಿತು, ಹಸಿವೂ ಆಯಿತು. ಆದರೆ ಅಗಿಯಬಲ್ಲಂಥದ್ದು ಒಂದೂ ಇರಲಿಲ್ಲ.

ಮೆರೋಪಿ ಅವನ ತಟ್ಟೆಗೆ ಆಕ್ಟೋಪಸ್ಸಿನ ದಪ್ಪ ತುಂಡೊಂದನ್ನು ಹಾಕಿದಳು. ಅವನು ಅದನ್ನು ಬಾಯಲ್ಲಿಟ್ಟು, ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ, ಕೊನೆಗೆ ಕರವಸ್ತ್ರಕ್ಕೆ ಉಗಿದ.

"ನೋಡಿ, ಒಂದು ತುತ್ತೂ ಇಳೀತಿಲ್ಲ," ಅಂತ ಮೆರೋಪಿ ಕಣ್ಣೊರೆಸಿಕೊಂಡಳು. "ಹೆತ್ತ ತಾಯಿಗೂ ಯಾರೂ ಇಷ್ಟು ಕೊರಗಲ್ಲ. ಫೊತಿನಿ, ನಲವತ್ತನೇ ದಿನದ ಪೂಜೆ ಆಗಸ್ಟಲ್ಲಿ ಬರುತ್ತಲ್ಲ, ಅವತ್ತು ಬೀದಿಯವರಿಗೆಲ್ಲ ನಿಮ್ಮನೇಲೇ ಊಟ ತಾನೆ? ಇವತ್ತು ನಾವೆಲ್ಲ ತಂದಿದ್ದೀವಿ ಅಂತ ಹೇಳ್ತಿಲ್ಲಮ್ಮ, ಪದ್ಧತಿ ಅಂತ ಕೇಳ್ದೆ. ಈ ಕಾಲದಲ್ಲಿ ದುಡ್ಡು ಹೊಂದಿಸೋದು ಕಷ್ಟ, ಗೊತ್ತು."

ಫೊತಿನಿ ಗರಗರ ಅಂತ ರಸ್ಕು ಅಗಿದು ನುಂಗಿ, ಗಂಡನ ಎಡಗಾಲಿನ ಕಾಲುಚೀಲವನ್ನೇ ದಿಟ್ಟಿಸಿದಳು.

"ಅವರು ಹೊಂದಿಸಿಟ್ಟಿದ್ದಾರಮ್ಮ," ಅಂದಳು. "ಮುನ್ನೂರಿದೆ. ಎಲ್ಲರೂ ಬನ್ನಿ."