ರಾಕ್ಷಸನಿಂದ ರಜೆ ಅರ್ಜಿ ಬರೆಸಿದ ನಮ್ಮತ್ತೆ

ರಾಕ್ಷಸನ ಕೈಯಲ್ಲಿ ರಜೆ ಅರ್ಜಿ ಬರೆಸಿದ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು, ಆಕೆ ನನ್ನ ಸ್ವಂತ ಸೋದರತ್ತೆ! ವೇದಿಕೆಯ ಮೇಲೆ ಕೋರೆಹಲ್ಲು ಕಡಿದು ಮಕ್ಕಳನ್ನು ಅಳಿಸುವ ಆ ಮಹಾನುಭಾವ, 'ಮಾನ್ಯರೇ, ನನ್ನ ನಾದಿನಿಯ ಮದುವೆ ಇರುವುದರಿಂದ' ಎಂದು ಶುರುಮಾಡಿ ಕೆಳಗೆ ವಿಧೇಯ ಎಂದು ಸಹಿ ಹಾಕಿದ್ದನ್ನು ಕಣ್ಣಾರೆ ಓದಿದ್ದೇನೆ. ಅದರ ಮೇಲೆ ಅತ್ತೆ ಹಸಿರು ಶಾಯಿಯಲ್ಲಿ 'ಪರಿಶೀಲಿಸಲಾಗುವುದು' ಎಂದು ಬರೆದಿದ್ದಳು. ಪರಿಶೀಲನೆ ಮುಗಿಯುವಷ್ಟರಲ್ಲಿ ನಾದಿನಿ ಗಂಡನ ಮನೆ ಸೇರಿಯಾಗಿತ್ತು.

ವಿಷಯ ಇಷ್ಟೇ. ಕಂಪ್ಲಿಯಲ್ಲಿ ಅತ್ತೆಯ ಮನೆಯವರದು ಅಕ್ಕಿ ಗಿರಣಿ. ಗಿರಣಿಯ ಹಿಂದಿನ ಹಳೇ ಗೋದಾಮಿನಲ್ಲಿ ಬಹಳ ವರ್ಷಗಳಿಂದ ಒಂದು ಬಯಲಾಟದ ಸಂಘ ತಾಲೀಮು ನಡೆಸುತ್ತದೆ. ಹನ್ನೆರಡು ಜನ, ಒಂದೇ ಆಟ. ಒಬ್ಬ ರಾಜ, ಒಬ್ಬ ರಾಕ್ಷಸ, ಜನರನ್ನು ನಗಿಸಲು ಒಬ್ಬ ಸಾರಥಿ, ಉಳಿದವರು ಸಣ್ಣಪುಟ್ಟ ಪಾತ್ರಕ್ಕೆ ಮತ್ತು ಹಿಮ್ಮೇಳಕ್ಕೆ. ಇಡೀ ಆಟದ ಹಾಡುಗಳೆಲ್ಲ ಇರುವುದು ಮಾತ್ರ ಆಟ ಕಲಿಸುವ, ಎಪ್ಪತ್ತು ದಾಟಿದ ಮಾಸ್ತರರ ಬಾಯಲ್ಲಿ. ಪುಸ್ತಕ ಗಿಸ್ತಕ ಏನಿಲ್ಲ. ಅವರು ದರೋಜಿಯಿಂದ ಬಸ್ಸಿಗೆ ಬಂದು ತಾಳ ಹಿಡಿದರೆ ಅದು ಆಟ. ಹಿಡಿಯದಿದ್ದರೆ ಅದು ಬರೀ ಗೋದಾಮು.

ವರ್ಷ ವರ್ಷಕ್ಕೆ ಸಂಘವನ್ನು ಕರೆಯುವ ಊರುಗಳು ಕಡಿಮೆಯಾದವು. ಇದ್ದ ಕಾರ್ಯದರ್ಶಿ 'ನನ್ನ ಕೈಲಾಗಲ್ರೀ' ಎಂದು ಕೈ ಮುಗಿದ. ಆಗ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದವಳು ನಮ್ಮತ್ತೆ. ಅದೇ ಸಮಯಕ್ಕೆ ಹೊಸಪೇಟೆಯಲ್ಲಿ ಕಲಾ ಸಂಸ್ಥೆಗಳನ್ನು ನಡೆಸುವವರಿಗೆ ಮೂರು ದಿನದ ನಿರ್ವಹಣಾ ತರಬೇತಿ ಎಂಬ ಸುದ್ದಿ ಬಂತು. ಹೊಸಪೇಟೆಯಲ್ಲಿ ಇರುವವಳು ನಾನು. ಅತ್ತೆಯ ಅರ್ಜಿಯನ್ನು ತುಂಬಿದ ಪಾಪಿಯೂ ನಾನೇ!

"ಅಲ್ಲ ಅತ್ತಿ, ಇಷ್ಟು ವರ್ಷ ಗಿರಣಿ ನಡಿಸೀದಿ. ಹಮಾಲ್ರು, ಲಾರಿಯವ್ರು ನೀ ಕೆಮ್ಮಿದ್ರ ಸಾಕು ಸಾಲಾಗಿ ನಿಂದ್ರತಾರ. ನಿನಗ್ಯಾಕ ಈ ತರಬೇತಿ?" ಎಂದು ಕೇಳಿದೆ.

"ಲೇ ಹುಚ್ಚಿ, ಅಕ್ಕಿಗೆ ಸಿಟ್ಟು ಬರಂಗಿಲ್ಲ. ಕಲಾವಿದ್ರಿಗೆ ಬರ್ತೈತಿ" ಎಂದಳು.

ಮೂರು ದಿನ ನಮ್ಮ ಮನೆಯಲ್ಲೇ ಇದ್ದಳು. ಕೊರಳಿಗೆ ನೇತುಹಾಕಿದ ಗುರುತಿನ ಕಾರ್ಡನ್ನು ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ. ಅದಕ್ಕೆ ಎರಡು ಸಲ ಸಾರಿನ ಅಭಿಷೇಕವಾಯಿತು. ನಾಲ್ಕನೇ ದಿನ ಕರೆದೊಯ್ಯಲು ಮಾವ ಬಂದರು. ಅವರು ಹೆಸರಿಗೆ ಸಂಘದ ಅಧ್ಯಕ್ಷರು, ಸ್ವಭಾವಕ್ಕೆ ಮೌನಿ. "ಮಾಮ, ಅತ್ತಿ ತರಬೇತಿ ಮುಗೀತು ನೋಡ್ರಿ" ಎಂದೆ. ಮಾವ ಚಹಾ ಊದುತ್ತ, "ಆಕೀದು ಮೂರ ದಿನಕ್ಕ ಮುಗೀತವ್ವ. ನಂದು ಲಗ್ನ ಆದಾಗಿಂದ ನಡದೈತಿ" ಎಂದರು.

ಕಂಪ್ಲಿಯಲ್ಲಿ ಶುರುವಾಯಿತು ನೋಡಿ ಆಡಳಿತ! ಗೋದಾಮಿನ ಬಾಗಿಲಿಗೆ ಹಾಜರಿ ಪುಸ್ತಕ ಬಂತು. ಪ್ರತಿಯೊಬ್ಬರಿಗೂ ಅವರವರ ಕೆಲಸ ಬರೆದ ಒಂದೊಂದು ಚೀಟಿ. ಕಿರೀಟ ಒರೆಸುವುದು ಸಾರಥಿಯ ಚೀಟಿಯಲ್ಲಿ ಇದ್ದದ್ದರಿಂದ, ಒಂದು ದಿನ ರಾಜ ಧೂಳು ಹಿಡಿದ ಕಿರೀಟವನ್ನೇ ಹಾಕಿಕೊಂಡು ಸೀನುತ್ತ ರಾಜ್ಯವಾಳಿದ. ಒರೆಸಿಕೊಳ್ಳಬಾರದಿತ್ತೇ ಎಂದರೆ, "ನನ್ನ ಚೀಟ್ಯಾಗಿಲ್ರೀ" ಎನ್ನಬೇಕೇ!

ಬಯಲಾಟದ ರಾಜ ಬಂದಕೂಡಲೇ ತಾನು ಯಾರು, ಯಾವ ಊರವನು, ಎಂಥ ಶೂರ ಎಂದು ಹೇಳಿಕೊಳ್ಳಬೇಕಲ್ಲ? ನಮ್ಮ ರಾಜ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಹಗಲೆಲ್ಲ ಇಂಜಿನ್ನಿನ ಕೆಳಗೆ ಮಲಗಿರುವ ಮನುಷ್ಯ, ಸಂಜೆ ತನ್ನ ಶೌರ್ಯ ಹೇಳಿಕೊಳ್ಳಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ. ಅತ್ತೆ ನಾಲ್ಕು ನಿಮಿಷ ಎಂದು ಕಟ್ಟಪ್ಪಣೆ ಮಾಡಿ ಕೈಯಲ್ಲಿ ಸೀಟಿ ಹಿಡಿದು ಕೂತಳು. "ಮೂರು ಲೋಕವನ್ನು ಗಡಗಡ ನಡುಗಿಸುವ—" ಪೀಂಯ್! ಮೂರು ಲೋಕ ನಡುಗಲಿಲ್ಲ, ರಾಜನೇ ನಡುಗಿದ.

ಸಂಡೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಆಟವಾದಾಗ ಪ್ರೇಕ್ಷಕರಿಗೆಲ್ಲ ಅಭಿಪ್ರಾಯದ ಹಾಳೆ ಹಂಚಿದಳು. 'ಅತ್ಯುತ್ತಮ, ಉತ್ತಮ, ಸಾಧಾರಣ, ಸರಿಯಾದುದಕ್ಕೆ ಗುರುತು ಹಾಕಿರಿ.' ಜನ ಆ ಹಾಳೆಯಲ್ಲಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ತಿಂದರು. ಅತ್ತೆ ಬಿಟ್ಟಾಳೆಯೇ? ಎಣ್ಣೆ ಜಿಡ್ಡಿನ ಹಾಳೆಗಳನ್ನೆಲ್ಲ ಆರಿಸಿ ತಂದು, "ಕುಂತು ತಿಂದಾರ ಅಂದ್ರ ಎದ್ದು ಹೋಗಿಲ್ಲಂತ ಅರ್ಥ. ಅತ್ಯುತ್ತಮ!" ಎಂದು ದಾಖಲಿಸಿದಳು. ಇದನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ ಹೇಳಿ!

ಅಷ್ಟರಲ್ಲಿ ಕಡ್ಡಿರಾಂಪುರದಿಂದ ಕರೆ ಬಂತು. ದೊಡ್ಡ ಬಯಲು, ಸುತ್ತಲ ಊರಿನವರೂ ಹಂಪಿಗೆ ಬಂದವರೂ ಸೇರುವ ಜಾಗ. "ಇದೊಂದು ಚಲೋ ಆದ್ರ ನಾಕು ಊರು ಕರೀತಾವ. ಕೆಟ್ರ ಸಂಘಕ್ಕ ಬೀಗ" ಎಂದು ಅತ್ತೆ ಎಲ್ಲರಿಗೂ ಖಡಾಖಂಡಿತ ಹೇಳಿಬಿಟ್ಟಳು. ಹೇಳಿದವಳೇ, ಮರುದಿನ ತಾನೇ ಬೀಗ ಜಡಿಯುವ ಕೆಲಸ ಮಾಡಿದಳು.

ಕಿರೀಟಕ್ಕೆ ಪೂಜೆ ಮಾಡಿ ತಾಲೀಮು ಶುರುಮಾಡುವ ದಿನ ಯಾರೂ ಅಶುಭದ ಮಾತಾಡಬಾರದು ಎಂಬುದು ಸಂಘದ ಪದ್ಧತಿ. ಆವತ್ತು ಕೆಮ್ಮಿದರೂ ಹೊರಗೆ ಹೋಗಿ ಕೆಮ್ಮುತ್ತಾರೆ. ಅಂಥ ದಿನ, ಕಾಯಿ ಒಡೆದು ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಎಲ್ಲರೆದುರು ಅತ್ತೆ ಮಾಸ್ತರರ ಕೈಗೆ ಒಂದು ಹಾಳೆ ಕೊಟ್ಟಳು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ: 'ನೀವು ತೀರಿಹೋದರೆ ಈ ಕೆಲಸ ಯಾರದು?' ತರಬೇತಿಯಲ್ಲಿ ಇದನ್ನು ಎಷ್ಟೋ ನಯವಾಗಿ ಬರೆದಿದ್ದರಂತೆ. ಅತ್ತೆ ಜನಕ್ಕೆ ತಿಳಿಯಲಿ ಎಂದು ಸರಳ ಮಾಡಿದ್ದಳು!

ಮಾಸ್ತರರು ಓದಿದರು. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. ತಾಳವನ್ನು ಕಿರೀಟದ ಪಕ್ಕದಲ್ಲಿಟ್ಟು, "ಇನ್ನಾ ಜೀವಂತ ಅದೀನವ್ವ" ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಎತ್ತಲಿಲ್ಲ. ಆಟಕ್ಕೆ ಹನ್ನೆರಡು ದಿನ ಉಳಿದಿತ್ತು.

ಅತ್ತೆ ಊಟ ಬಿಟ್ಟಳು. ಮಾವ ಫೋನು ಮಾಡಿ, "ನಿಮ್ಮತ್ತಿ ಎರಡು ದಿನಾತು, ನನ್ನ ಬೈದಿಲ್ಲ. ಯಾಕೋ ಹೆದರಿಕಿ ಆಗ್ತೈತಿ, ಬಾರವ್ವ" ಎಂದರು. ಓಡಿದೆ. ಅತ್ತೆ, ನಾನು ಇಬ್ಬರೂ ದರೋಜಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ತರಬೇತಿ ಪುಸ್ತಕದ ಒಂದೇ ಸಾಲನ್ನು ಮಂತ್ರದಂತೆ ಹೇಳಿಕೊಂಡಳು: 'ಮೊದಲು ಕೇಳಿಸಿಕೊಳ್ಳಿ, ನಡುವೆ ಬಾಯಿ ಹಾಕಬೇಡಿ.' ಹುಟ್ಟಿದಾಗಿನಿಂದ ಇನ್ನೊಬ್ಬರ ಮಾತು ಪೂರ್ತಿಯಾಗಲು ಬಿಟ್ಟವಳಲ್ಲ ನಮ್ಮತ್ತೆ!

ಮಾಸ್ತರರು ಕಟ್ಟೆಯ ಮೇಲಿದ್ದರು. "ಬರ್ರಿ, ಕುಂದ್ರಿ" ಎಂದವರೇ ಶುರುಮಾಡಿದರು. ಸೀಟಿಯನ್ನು ಬೈದರು, ಚೀಟಿಯನ್ನು ಬೈದರು, ಹಾಜರಿ ಪುಸ್ತಕವನ್ನು ಬೈದರು. ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಮುಖ ಕೆಂಪಾಗುತ್ತಿತ್ತು, ಸೆರಗು ಒಳಗೊಳಗೆ ಹೋಗುತ್ತಿತ್ತು. ಇನ್ನು ಹತ್ತು ನಿಮಿಷವಾದರೆ ಸೀರೆಯನ್ನೇ ನುಂಗುತ್ತಾಳೆಂದು ನನಗೆ ಗಾಬರಿ. ಕೊನೆಗೆ ಮಾಸ್ತರರ ಬೈಗುಳ ಮುಗಿದವು. ಆದರೂ ಅತ್ತೆ ಮಾತಾಡಲಿಲ್ಲ.

ಆ ಮೌನಕ್ಕೆ ಮಾಸ್ತರರೇ ಸೋತರು.

"ಸಿಟ್ಟು ನಿನ್ನ ಮ್ಯಾಲಲ್ಲ ತಂಗಿ" ಎಂದರು ಮೆಲ್ಲಗೆ. "ಹಾಡು ಮರೀತಾವ ನನಗ. ಮೂರು ತಿಂಗಳಾತು. ಒಂದು ನುಡಿ ಅಂದ್ರ ಮುಂದಿಂದು ಸಿಗವಲ್ದು. ಯಾರಿಗೂ ಹೇಳಿಲ್ಲ. ನೀ ಹಾಳಿ ಕೊಟ್ಟಿ ನೋಡು, ಈಕಿಗೆ ಗೊತ್ತಾಗಿಬಿಟ್ಟೈತಿ ಅಂದ್ಕಂಡೆ."

ಅತ್ತೆ ಬಾಯಿಂದ ಸೆರಗು ತೆಗೆದಳು. "ನನಗೇನೂ ಗೊತ್ತಿರ್ಲಿಲ್ರೀ ಮಾಸ್ತರ್ರ. ತಪ್ಪಾತು. ಆ ಹಾಳಿ ಹರದ್ ಒಗೀರಿ."

"ಹರಿಯೋದ್ಯಾಕ, ಅದರಾಗ ನಶ್ಯ ಕಟ್ಟಿಟ್ಟೀನಿ. ಕಾಗದ ಭಾಳ ಚಲೋ ಐತಿ" ಎಂದರು ಮಾಸ್ತರರು. ಮೂವರೂ ನಕ್ಕೆವು. ಅವರು ನಮ್ಮ ಜೊತೆಯಲ್ಲೇ ಬಸ್ಸು ಹತ್ತಿದರು. ನನಗೆ ಅರ್ಧ ಉಸಿರು ಬಂತು. ಇನ್ನರ್ಧ ಕಡ್ಡಿರಾಂಪುರದಲ್ಲಿ ಬರಬೇಕಿತ್ತು.

ಅತ್ತೆ ಹಳೆಯ ಚೀಟಿಗಳನ್ನೆಲ್ಲ ಒಲೆಗೆ ಹಾಕಿದಳು. ಹಾಡುಗಳನ್ನು ಹಂಚಿ ಹೊಸದಾಗಿ ಒಂದೇ ಪಟ್ಟಿ ಮಾಡಿದಳು. ಪ್ರತಿಯೊಬ್ಬನೂ ತನ್ನ ಪಾತ್ರದ ಜೊತೆಗೆ ಬೇರೆಯವರ ಎರಡೆರಡು ಹಾಡನ್ನು ಮಾಸ್ತರರ ಹತ್ತಿರ ಕೂತು ಕಲಿಯಬೇಕು. ಯಾಕೆ ಎಂದು ಹೇಳಲಿಲ್ಲ. ನನ್ನ ಬಾಯಿಗೂ ಹೊಲಿಗೆ ಹಾಕಿದಳು. ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುವ ನಮ್ಮ ರಾಕ್ಷಸ ತಕರಾರು ತೆಗೆದ. "ನಾ ಸಾಯೋ ಮನಷ್ಯಾ. ರಾಜ ಗೆದ್ದ ಹಾಡು ನನಗ್ಯಾಕ್ರೀ ಅಕ್ಕಾರ?"

"ಸತ್ತ ಮ್ಯಾಲ ನಿನಗ ಬ್ಯಾರೆ ಏನು ಕೆಲಸ ಐತಿ? ಸುಮ್ನ ಬಿದ್ದಿರ್ತೀಯಲ್ಲ, ಕಲಿ!"

ಕಡ್ಡಿರಾಂಪುರದಲ್ಲಿ ಸಂಜೆಗೇ ಜನ ಕಿಕ್ಕಿರಿದರು. ಆಟ ಏರಿತು. ರಾಜನಿಗೆ ಸೀಟಿಯ ಭಯವಿರಲಿಲ್ಲ, ಮನಸಾರೆ ಮೆರೆದ. ರಾಕ್ಷಸ ಸತ್ತು ದೊಪ್ಪನೆ ಬಿದ್ದ. ಮಾಸ್ತರರು ಗೆಲುವಿನ ಹಾಡು ಎತ್ತಿಕೊಂಡರು. ಮೊದಲ ನುಡಿ ಮುಗಿಯಿತು.

ಎರಡನೆಯದು ಬರಲಿಲ್ಲ.

ತಾಳ ನಿಂತಿತು. ಮದ್ದಳೆ ತಡವರಿಸಿತು. ಪರದೆಯ ಪಕ್ಕದಲ್ಲಿ ಅತ್ತೆ ನನ್ನ ಮುಂಗೈಯನ್ನು ಹಿಡಿದ ಹಿಡಿತಕ್ಕೆ ನನ್ನ ಎರಡು ಬಳೆ ಚೂರಾದವು. ಮಾಸ್ತರರ ತುಟಿ ಅಲುಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಆಗ ನೆಲಕ್ಕೆ ಮುಖ ಹಚ್ಚಿ ಬಿದ್ದಿದ್ದ ಹೆಣ, ಬಿದ್ದಲ್ಲಿಂದಲೇ, ತನ್ನನ್ನು ಕೊಂದ ರಾಜನ ಹೊಗಳಿಕೆ ಹಾಡತೊಡಗಿತು!

"ಏ, ಸತ್ತಾವ ಹಾಡಾಕತ್ಯಾನಲೇ!" ಎಂದು ಯಾರೋ ಕೂಗಿದರು. ಬಯಲೆಲ್ಲ ನಗು. ನಗುತ್ತಲೇ ಸಾರಥಿ ದನಿ ಸೇರಿಸಿದ. ರಾಜನೂ ಸೇರಿಸಿದ. ಮೂರನೇ ನುಡಿಗೆ ಸಂಘಕ್ಕೆ ಸಂಘವೇ ಹಾಡುತ್ತಿತ್ತು, ಮಾಸ್ತರರ ಕೈಯಲ್ಲಿ ತಾಳ ಮತ್ತೆ ಕುಣಿಯುತ್ತಿತ್ತು. ಆಟ ಇರುವುದೇ ಹೀಗೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. "ಅಬ್ಬಾ, ಹ್ವಾದ ಜೀವ ಬಂತವ್ವ" ಎಂದು ಅತ್ತೆ ಬಣ್ಣದ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ನನಗೂ ಆಗಲೇ ಪೂರ್ತಿ ಉಸಿರು ಬಂದದ್ದು.

ಮಂಗಳ ಹಾಡಿ ಆಟ ಮುಗಿಸಿದ ಮೇಲೆ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. "ತಂಗಿ, ನನ್ನ ಬಾಯಿ ಬಿಟ್ಟು ಹ್ವಾದ್ರ ಈ ಹಾಡು ಎಲ್ಲಿಗೆ ಹೋಗ್ತಾವ ಅಂತ ಚಿಂತಿ ಇತ್ತು. ಎಲ್ಲೀಗೂ ಹೋಗಿಲ್ಲ, ಇವರ ಹತ್ರ ಅದಾವ" ಎಂದರು.

ಎಲ್ಲ ಮಾತಿಗೂ ಉತ್ತರ ಸಿದ್ಧವಿರುವ ಅತ್ತೆ, "ನನಗ ಭಾಳ ಅಂಜಿಕಿ ಆಗಿತ್ರೀ ಮಾಸ್ತರ್ರ" ಎಂದವಳೇ ಜೋರಾಗಿ ಅತ್ತುಬಿಟ್ಟಳು. ಅವಳು ಅಂಜುತ್ತಾಳೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲವೇನೋ, ಅವರು ಮುಖ ತಿರುಗಿಸಿ ನಿಂತರು. ಮಾಸ್ತರರು ಅವಳ ತಲೆಯ ಮೇಲೆ ಕೈಯಿಟ್ಟರು. ಹೊರಗೆ ಊಟಕ್ಕೆ ಕರೆಯುತ್ತಿದ್ದರು. ಅವಳ ಅಳು ನಿಲ್ಲುವವರೆಗೆ ರಾಜನೂ ಹೋಗಲಿಲ್ಲ, ರಾಕ್ಷಸನೂ ಹೋಗಲಿಲ್ಲ.